ಭಾಷೆ ಬಾರದ ಮಗುವಿಗೆ ಪದ್ಯ ಯಾಕೆ?

ಪ್ರಶ್ನೆ: ಮಗಳ ಮನೆಗೆಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ಗೆ ಹೋಗಿದ್ದೆ. ಅಲ್ಲೊಂದು ಕಾರ್ಯಕ್ರಮದಲ್ಲಿ ಕಾಂಬೋಡಿಯಾ ಮೂಲದ ಮಕ್ಕಳು ಖ್ಮೇರ್ ನೃತ್ಯ ಮಾಡಿದರು, ಹಿರಿಯರೊಬ್ಬರು ಪದ್ಯ ಹಾಡಿದರು. ಮಕ್ಕಳಿಗೆ ಕಾಂಬೋಡಿಯಾದ ಆ ಖ್ಮೇರ್ ಭಾಷೆ ಅಷ್ಟಾಗಿ ಬರುವುದಿಲ್ಲವಂತೆ. ಅರ್ಥ ಗೊತ್ತಿಲ್ಲದೆ ಕುಣಿದರೆ ಏನು ಉಳಿದ ಹಾಗಾಯಿತು?

ಉತ್ತರ: ನಾನೂ ಆ ಊರಲ್ಲಿ ನಾಲ್ಕು ವರ್ಷ ಇದ್ದೆ, ಅನಾಹೈಮ್ ಸ್ಟ್ರೀಟ್ ಹತ್ತಿರ. ಆ ರಸ್ತೆಯ ಒಂದು ಭಾಗಕ್ಕೆ 2007ರಲ್ಲಿ ‘ಕಾಂಬೋಡಿಯಾ ಟೌನ್’ ಅಂತ ಅಧಿಕೃತವಾಗಿ ಹೆಸರು ಬಂತು. ಪಕ್ಕದ ಮನೆಯ ಅಜ್ಜಿ ದಿನಾ ಸಂಜೆ ಟಿವಿ ಮುಂದೆ ಕೂತು ಮೊಮ್ಮಗಳ ಬೆರಳುಗಳನ್ನು ಹಿಂದಕ್ಕೆ ಬಗ್ಗಿಸುತ್ತಿದ್ದರು. ಹುಡುಗಿ ಇಂಗ್ಲಿಷಿನಲ್ಲಿ ಗೋಳಾಡುತ್ತಿದ್ದಳು. ಅಜ್ಜಿ ಕೇಳಿಸದವರಂತೆ ಖ್ಮೇರ್‌ನಲ್ಲಿ ಎಣಿಸುತ್ತಿದ್ದರು: ಮುಯ್, ಪೀ, ಬೈ. ಆ ನೃತ್ಯದ ಹಸ್ತಗಳಿಗೆ ‘ಕ್ಬಾಚ್’ ಅನ್ನುತ್ತಾರೆ. ಬಳ್ಳಿ, ಎಲೆ, ಹೂ, ಹಣ್ಣು ಎಲ್ಲವೂ ಬೆರಳಲ್ಲೇ ಮೂಡಬೇಕು. ಎಳೆಯ ವಯಸ್ಸಲ್ಲಿ ಬಗ್ಗದ ಬೆರಳು ಆಮೇಲೆ ಬಗ್ಗುವುದು ಕಷ್ಟ.

ಅಜ್ಜಿಗೆ ಆ ಅವಸರ ಯಾಕೆ ಅಂತ ನನಗೆ ತಡವಾಗಿ ಅರ್ಥವಾಯಿತು. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ನುಗ್ಗಿತು. 1979ರ ಜನವರಿಯಲ್ಲಿ ಆ ಆಳ್ವಿಕೆ ಬೀಳುವಷ್ಟರಲ್ಲಿ ಸುಮಾರು 17 ಲಕ್ಷ ಜನ ಸತ್ತಿದ್ದರು. ಕಲಾವಿದರಲ್ಲಿ 10ಕ್ಕೆ 9 ಜನ ಉಳಿಯಲಿಲ್ಲ ಅಂತ ಅಂದಾಜು. ಓದಿದವರೆಂದು ಗೊತ್ತಾದರೂ ಸಾಕಿತ್ತು, ಕೊಂದುಬಿಡುತ್ತಿದ್ದರು. ಅಮೆರಿಕದ ಅಯೋವಾದಲ್ಲಿ ಓದಿ ಬಂದಿದ್ದ ಕವಿ ಊ ಸಾಮ್ ಊರ್ ಅಕ್ಷರ ಬಾರದವರಂತೆ ನಟಿಸಿ ಬದುಕಿದರು. ಮುಂದೆ ಅಮೆರಿಕ ಸೇರಿ ತಮ್ಮ ಪದ್ಯಗಳನ್ನು ಸಭೆಗಳಲ್ಲಿ ಹಾಡಿದರು.

ಹೌದು, ಹಾಡಿದರು. ಖ್ಮೇರ್ ಪದ್ಯವನ್ನು ಸುಮ್ನೆ ಓದುವುದಿಲ್ಲ, ರಾಗ ಹಾಕಿ ಹೇಳುತ್ತಾರೆ. ಛಂದಸ್ಸುಗಳ ಹೆಸರು ಕೇಳಿ: ಕಾಕಗತಿ, ಭುಜಂಗಲೀಲಾ! ನಮ್ಮ ಭುಜಂಗಪ್ರಯಾತದ ದಾಯಾದಿ ಅನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಬೇರೆ. ಲಘು ಗುರುವಿನ ಪ್ರಸ್ತಾರ ಹಾಕಬೇಕಿಲ್ಲ, ಪದಗಳ ಉಚ್ಚಾರಾಂಶ ಎಣಿಸಿದರಾಯಿತು. ಕಾಕಗತಿಯಲ್ಲಿ ಸಾಲಿಗೆ ನಾಲ್ಕು ಉಚ್ಚಾರಾಂಶ, ಪದ್ಯಕ್ಕೆ ಏಳು ಸಾಲು. ಒಂದು ಪದ್ಯದ ಕೊನೆಯ ಪ್ರಾಸ ಮುಂದಿನ ಪದ್ಯದೊಳಗೆ ಹೋಗಿ ಕೊಂಡಿ ಹಾಕಿಕೊಳ್ಳುತ್ತದೆ. ಒಂದು ನೆನಪಾದರೆ ಸಾಕು, ಅದು ಇನ್ನೊಂದನ್ನು ಎಳೆದು ತರುತ್ತದೆ. ಕೈಯಲ್ಲಿ ಪುಸ್ತಕ ಇಲ್ಲದೆ ಗಡಿ ದಾಟಿದವರಿಗೆ ಇದು ಎಷ್ಟು ಒದಗಿರಬೇಕು ನೋಡಿ.

ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಭಾಷೆ ಇಲ್ಲದೆ ಪದ್ಯ ದಕ್ಕುವುದಿಲ್ಲ. ಅಜ್ಜಿ ಪದ್ಯ ಹೇಳಿ ತಾವೇ ನಗುವಾಗ ಮೊಮ್ಮಗಳು ನನ್ನ ಮುಖ ನೋಡುತ್ತಿದ್ದಳು, ನನಗೆ ಗೊತ್ತಿದ್ದ ಹಾಗೆ! ಆದರೆ ಬೆರಳಿಗೆ ಅನುವಾದ ಬೇಡ. ಹತ್ತನೇ ವಯಸ್ಸಿಗೆ ಅವಳು ಹೂ ಅರಳಿಸಿ ತೋರಿಸಿದಳು. ಮಾರನೇ ದಿನವೇ ‘ಈ ಹಾಡಲ್ಲಿ ಏನಿದೆ?’ ಅಂತ ಅಜ್ಜಿಯನ್ನು ಕೇಳಿದಳು.

ಪ್ರಶ್ನೆ: ಅಲ್ಲಿನ ಯುವಕರು ಹಳೆಯದನ್ನು ಬಿಟ್ಟು ರ‍್ಯಾಪ್ ಮಾಡುತ್ತಾರಂತೆ?

ಉತ್ತರ: ಮಾಡಲಿ ಬಿಡಿ! ಅದೇ ಲಾಂಗ್ ಬೀಚಿನ ಪ್ರಾಚ್ ಲೀ ಮನೆಯ ಗ್ಯಾರೇಜಿನಲ್ಲಿ ಕರೋಕೆ ಯಂತ್ರ ಇಟ್ಟುಕೊಂಡು ಖ್ಮೇರ್ ರೂಜ್ ಕಾಲದ ಕಥೆಯನ್ನು ರ‍್ಯಾಪ್ ಮಾಡಿದ. ಅದರ ಕಳ್ಳಪ್ರತಿಗಳು ಕಾಂಬೋಡಿಯಾದಲ್ಲೇ ಜಾಸ್ತಿ ಓಡಿದವು. ನಮ್ಮ ಅಜ್ಜಿಗೂ ಕೇಳಿಸಿದೆವು. ಎರಡು ನಿಮಿಷ ಕಿವಿಗೊಟ್ಟು, ‘ಪ್ರಾಸ ಸರಿ ಇದೆ, ಯಾಕಿಷ್ಟು ಅವಸರ?’ ಅಂದರು.