ಐದು ನಿಮಿಷದ ಸ್ತೋತ್ರ ಸಾಕ್ಷಿಯಲ್ಲಿ ಏನು ಹೇಳಲಿ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ತಿಳಿದಿದ್ದೇನೆ: ಹಾವೇರಿ ಕಡೆಯ ಹಳ್ಳಿಯಿಂದ ಬಂದು ಧಾರವಾಡದ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಓದುತ್ತಿದ್ದೀರಿ. ಮುಂದಿನ ತಿಂಗಳು ಯುವಜನರ ಆರಾಧನೆಯಲ್ಲಿ ಐದು ನಿಮಿಷ ಸ್ತೋತ್ರ ಸಾಕ್ಷಿ, ಅಂದರೆ ದೇವರ ಉಪಕಾರ ನೆನೆದು ಸಭೆಯ ಮುಂದೆ ಆಡುವ ಕೃತಜ್ಞತೆಯ ಮಾತು, ಹೇಳಬೇಕು. ‘ನನ್ನ ಜೀವನದಲ್ಲಿ ಅಂಥ ದೊಡ್ಡದೇನೂ ಆಗಿಲ್ಲ, ಯಾವುದಕ್ಕೆ ಅಂತ ಕೃತಜ್ಞತೆ ಹೇಳಲಿ?’ ಎಂದು ಕೇಳಿದ್ದೀರಿ.

ದೊಡ್ಡದು ಬೇಕಿಲ್ಲ, ಹೆಸರು ಬೇಕು. ‘ಜೀವ, ಆರೋಗ್ಯ, ಕುಟುಂಬ, ವಿದ್ಯೆ ಕೊಟ್ಟದ್ದಕ್ಕೆ ಸ್ತೋತ್ರ’ ಎಂಬ ಮಾತು ಸುಳ್ಳಲ್ಲ. ಆದರೆ ಅದನ್ನು ಯಾರ ಬಾಯಲ್ಲಿಟ್ಟರೂ ಒಪ್ಪುತ್ತದೆ, ಅದಕ್ಕೇ ಯಾರ ಕಿವಿಯಲ್ಲೂ ನಿಲ್ಲುವುದಿಲ್ಲ. ಬೈಬಲ್‌ನ ಕೀರ್ತನೆ 136 ತೆಗೆದು ನೋಡಿ. ಒಟ್ಟು 26 ವಚನ, ಪ್ರತಿಯೊಂದರ ಕೊನೆಗೂ ದೇವರ ಕೃಪೆ ಶಾಶ್ವತ ಎಂಬ ಒಂದೇ ಪಲ್ಲವಿ. ಮೊದಲರ್ಧ ಮಾತ್ರ ಪ್ರತಿ ಸಲ ಬೇರೆ: ಆಕಾಶ, ಸೂರ್ಯ, ಚಂದ್ರ, ಕೆಂಪು ಸಮುದ್ರ. 19, 20ನೆಯ ವಚನಗಳಲ್ಲಿ ಸೀಹೋನ್, ಓಗ್ ಎಂಬ ಇಬ್ಬರು ಅರಸರನ್ನು ಹೆಸರು ಹಿಡಿದೇ ಹೇಳುತ್ತದೆ. 25ಕ್ಕೆ ಬಂದರೆ ಎಲ್ಲ ಜೀವಿಗಳ ಆಹಾರ. ಸಮುದ್ರ ಸೀಳಿದ್ದಕ್ಕೂ ದಿನದ ಅನ್ನಕ್ಕೂ ಪಲ್ಲವಿ ಅದೇ! ನಿಮ್ಮ ಐದು ನಿಮಿಷಕ್ಕೆ ಇದಕ್ಕಿಂತ ಒಳ್ಳೆಯ ಅಚ್ಚು ನನಗೆ ಕಂಡಿಲ್ಲ.

ಇವತ್ತೇ 100 ಪುಟದ ಒಂದು ನೋಟ್‌ಬುಕ್ ತನ್ನಿ. 21 ದಿನ, ದಿನಕ್ಕೆ ಮೂರೇ ಸಾಲು. ಒಮ್ಮೆ ಬರೆದದ್ದನ್ನು ಮತ್ತೆ ಬರೆಯಬಾರದು. ಪ್ರತಿ ಸಾಲಿನಲ್ಲೂ ಒಬ್ಬ ಮನುಷ್ಯ ಇರಬೇಕು, ಆ ಮನುಷ್ಯ ಮಾಡಿದ ಒಂದು ಕೆಲಸ ಇರಬೇಕು. ‘ಗೆಳೆಯರಿಗಾಗಿ ಸ್ತೋತ್ರ’ ಎಂದಲ್ಲ, ‘ಜ್ವರ ಬಂದ ಮೂರು ದಿನ ರೂಮ್‌ಮೇಟ್ ಮೆಸ್‌ನಿಂದ ಗಂಜಿ ತಂದುಕೊಟ್ಟದ್ದಕ್ಕೆ’ ಎಂದು. ಐದಾರು ದಿನಕ್ಕೆ ಸರಕು ತೀರುತ್ತದೆ, ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ನೀವು ಬಿಡಬೇಡಿ. ಅಲ್ಲಿಯವರೆಗೆ ಬರೆದದ್ದು ಬಾಯಿಪಾಠ, ಹುಡುಕಾಟ ಶುರುವಾಗುವುದೇ ಅಲ್ಲಿಂದ. ಮಲಗುವ ಹೊತ್ತಿಗೆ ಅಂತ ಇಟ್ಟುಕೊಂಡರೆ ನಿದ್ದೆ ಎಳೆಯುತ್ತದೆ, ರಾತ್ರಿ ಊಟ ಆದ ಕೂಡಲೇ ಬರೆದುಬಿಡಿ.

ಏನೂ ಹೊಳೆಯದ ದಿನ ಒಂದೇ ವಸ್ತು ಹಿಡಿದು ಹಿಂದಕ್ಕೆ ನಡೆಯಿರಿ. ಊರಿಂದ ಬರುವ ರೊಟ್ಟಿ ಬುತ್ತಿಯನ್ನೇ ಹಿಡಿಯಿರಿ. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆಮೇಲೆ ಮಳೆ ಕಡಿಮೆ, ಮಣ್ಣಿನೊಳಗೆ ಉಳಿದ ಹಸಿಯನ್ನೇ ನಂಬಿ ಪೈರು ಏಳಬೇಕು. ರಾಶಿ ಆಗುವುದು ಫೆಬ್ರವರಿ-ಮಾರ್ಚ್‌ಗೆ. ಬಿತ್ತಿದವರು, ಬಿಸಿಲಲ್ಲಿ ಕಿತ್ತವರು, ತೆನೆ ಮುರಿದವರು, ಗಿರಣಿಯಲ್ಲಿ ಬೀಸಿಕೊಟ್ಟವರು ಯಾರು? ಇನ್ನು ಅಡುಗೆಮನೆ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗಿ ಇಲ್ಲ, ಅದಕ್ಕೇ ಕುದಿಯುವ ನೀರು ಹಾಕಿ ಚೆನ್ನಾಗಿ ನಾದಬೇಕು. ನಾದಿದ್ದು ಸಾಲದಿದ್ದರೆ ಬಡಿಯುವಾಗ ಅಂಚು ಒಡೆಯುತ್ತದೆ. ವಾರಕ್ಕೆ 30 ಖಡಕ್ ರೊಟ್ಟಿ ಎಂದರೆ ಬಡಿಯುವುದು, ಬೇಯಿಸುವುದು, ಖಡಕ್ ಆಗುವವರೆಗೆ ಒಣಗಿಸುವುದು ಎಲ್ಲವೂ 30 ಸಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು. ಗಂಟು ಕಟ್ಟಿ ಮುಂಜಾನೆಯ ಬಸ್ಸಿಗೆ ಮುಟ್ಟಿಸಿದವರು ಯಾರು, ಧಾರವಾಡದಲ್ಲಿ ಇಳಿಸಿಕೊಟ್ಟವರು ಯಾರು? ಒಂದು ಬುತ್ತಿಯಲ್ಲಿ ಎಂಟು ಹತ್ತು ಜನ ಸಿಗುತ್ತಾರೆ. ಅಲ್ಲಿಗೆ ಮೂರು ದಿನದ ಸಾಲು ಆದವು.

ನಳದ ನೀರನ್ನೂ ಹೀಗೆ ಹಿಡಿಯಬಹುದು. ಅದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಬರುತ್ತದೆ, ನಿಮ್ಮ ಓಣಿಗೆ ವಾಲ್ವ್ ತಿರುಗಿಸುವ ಮನುಷ್ಯ ಒಬ್ಬರಿದ್ದಾರೆ. ನೀವು ಪ್ರಾರ್ಥಿಸುವ, ಪರೀಕ್ಷೆ ಬರೆಯುವ ಕನ್ನಡವನ್ನೂ ಮರೆಯಬೇಡಿ. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಆ ಮಿಶನ್ನಿನ ಪಾದ್ರಿ ಕಿಟೆಲ್ ಈ ದೇಶಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ, ನಡುವೆ 41 ವರ್ಷ. ಕಿಟೆಲ್ ಹೆಸರು ಎಲ್ಲರಿಗೂ ಗೊತ್ತು. ಪದಗಳ ಅರ್ಥ ಬಿಡಿಸಿ ಹೇಳಿದ ಈ ನೆಲದ ಪಂಡಿತರನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು ಎಂಬುದು ನನ್ನ ಆಗ್ರಹ.

21 ದಿನಕ್ಕೆ 63 ಸಾಲು ಕೂಡುತ್ತವೆ. ಮೂರನ್ನು ಆರಿಸಿ: ದಿನನಿತ್ಯದ ಸಣ್ಣದೊಂದು, ನಿಮ್ಮ ಓದಿನ ದಾರಿಗೆ ಕೈಹಚ್ಚಿದ ಒಬ್ಬರು, ಇನ್ನೂ ಬಗೆಹರಿಯದ ಕಷ್ಟದೊಳಗೆ ಸಿಕ್ಕ ಒಂದು ಆಸರೆ. ಮೂರನೆಯದರಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ. ಬೈಬಲ್‌ನಲ್ಲಿರುವ ಪೌಲನ ಪತ್ರ 1 ಥೆಸಲೊನೀಕ 5:18 ಹೇಳುವುದು ‘ಎಲ್ಲದರಲ್ಲಿ’ ಸ್ತೋತ್ರ ಮಾಡಿ ಎಂದು, ‘ಎಲ್ಲದಕ್ಕಾಗಿ’ ಎಂದಲ್ಲ. ಅಪ್ಪನ ಕಾಯಿಲೆಗೆ ಸ್ತೋತ್ರ ಎನ್ನಬೇಕಾಗಿಲ್ಲ, ಆ ಕಾಯಿಲೆಯ ನಡುವೆ ದವಾಖಾನೆಯಲ್ಲಿ ರಾತ್ರಿ ಕೂತ ಚಿಕ್ಕಪ್ಪನಿಗಾಗಿ ಎನ್ನಿ. ಕಷ್ಟ ಮುಗಿದಿಲ್ಲವಾದರೆ ಮುಗಿದಿಲ್ಲ ಎಂದೇ ಹೇಳಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ನಿಲ್ಲುತ್ತದೆ, ಆದರೂ ಅದು ಬೈಬಲ್‌ನಲ್ಲಿದೆ.

ಕೆಡುವ ಜಾಗಗಳು ಇನ್ನೂ ಇವೆ. ‘ಬೇರೆಯವರಿಗೆ ಇಲ್ಲದ್ದು ನನಗೆ ಸಿಕ್ಕಿತು’ ಎನ್ನಬೇಡಿ. ಲೂಕನ ಸುವಾರ್ತೆ 18ರಲ್ಲಿ ‘ನಾನು ಬೇರೆಯವರಂತಲ್ಲ’ ಎಂದು ಬೀಗುವ ಫರಿಸಾಯನ ಪ್ರಾರ್ಥನೆಯೂ ಕೃತಜ್ಞತೆಯಿಂದಲೇ ಶುರುವಾಗುತ್ತದೆ. ‘ಓದದಿದ್ದರೂ ದೇವರು ಪಾಸು ಮಾಡಿದ’ ಎಂಬುದು ಬೇಡ, ಓದಿಯೂ ಫೇಲಾದವರು ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಮನೆಯ ಸಾಲ, ಕುಡಿತ, ರೋಗದ ವಿಷಯ ಇದ್ದರೆ ಆಯಾ ಮನುಷ್ಯರ ಒಪ್ಪಿಗೆ ಇಲ್ಲದೆ ಮೈಕಿನಲ್ಲಿ ಹೇಳಲೇಬೇಡಿ.

ಬರೆಯುವಾಗ ನಾಲ್ಕು ನಿಮಿಷಕ್ಕೆ ಬರೆಯಿರಿ, ಹೆಚ್ಚೆಂದರೆ 350 ಪದ. ಉಳಿದ ನಿಮಿಷ ಎದ್ದು ಬರುವುದಕ್ಕೆ, ವಂದನೆಗೆ, ತಡವರಿಸುವುದಕ್ಕೆ ಹೋಗುತ್ತದೆ. ಫೋನಿನಲ್ಲಿ ಗಡಿಯಾರ ಇಟ್ಟು ಮೂರು ಸಲ ಗಟ್ಟಿಯಾಗಿ ಓದಿ. ಪ್ರತಿ ಭಾಗ ಮುಗಿದಾಗ ಸಭೆಯವರು 136ರ ಪಲ್ಲವಿ ಹೇಳಲಿ. ಹಾಗೆ ಮಾಡುವುದಾದರೆ ಒಂದು ವಾರ ಮುಂಚೆ ಸಭಾಪಾಲಕರನ್ನು ಕೇಳಿ, ಆರಾಧನೆಯ ಕ್ರಮದಲ್ಲಿ ಸೇರಿಸಿಕೊಳ್ಳುತ್ತಾರೆ. ಮೊದಲೇ ತಿಳಿಸದೆ ಕೈ ಎತ್ತಿದರೆ ಅರ್ಧ ಜನ ಹೇಳುತ್ತಾರೆ, ಅರ್ಧ ಜನ ಪುಟ ಹುಡುಕುತ್ತಾರೆ.

ಕೊನೆಯದು ಭಾನುವಾರಕ್ಕೆ ಮುಂಚೆಯೇ ಆಗಬೇಕಾದ ಕೆಲಸ. ಲೂಕ 17ರಲ್ಲಿ ಹತ್ತು ಕುಷ್ಠರೋಗಿಗಳು ಗುಣವಾದರು, ಕೃತಜ್ಞತೆ ಹೇಳಲು ಯೇಸುವಿನ ಹತ್ತಿರ ತಿರುಗಿ ಬಂದವನು ಒಬ್ಬ ಸಮಾರ್ಯದವನು ಮಾತ್ರ. ನೀವು ಆರಿಸಿದ ಮೂವರ ಹತ್ತಿರ ಹೋಗಿ ನೇರವಾಗಿ ಹೇಳಿ. ಮೆಸೇಜು ಬೇಡ. ದೂರದಲ್ಲಿದ್ದರೆ ಫೋನ್ ಮಾಡಿ. ಶನಿವಾರ ಸಂಜೆ ಅವ್ವನಿಗೆ ಫೋನ್ ಹಚ್ಚಿ ರೊಟ್ಟಿಯ ಭಾಗವನ್ನು ಓದಿ ಕೇಳಿಸಿ. ಬಿತ್ತಿದ ತಿಂಗಳೋ ಗಿರಣಿಯವರ ಹೆಸರೋ ತಪ್ಪಿದ್ದರೆ ಅವರೇ ತಿದ್ದಿಕೊಡುತ್ತಾರೆ.