ಮಗನನ್ನು ಮೂರು ಬಾರಿ ಮಾರಿದ ತಂದೆ

ಪ್ರಶ್ನೆ: ಪ್ರಾಚೀನ ರೋಮಿನ ಕೌಟುಂಬಿಕ ಕಾನೂನನ್ನು ಈಚೆಗೆ ಓದಲು ತೊಡಗಿದ್ದೇನೆ. ಅಲ್ಲಿ ತಂದೆಗೆ ಮಕ್ಕಳ ಪ್ರಾಣದ ಮೇಲೂ ಅಧಿಕಾರವಿತ್ತೆಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಬೆಳೆದು ಮದುವೆಯಾದ ಮಗನ ಮೇಲೂ ಅದು ನಡೆಯುತ್ತಿತ್ತೇ? ಓದನ್ನು ಎಲ್ಲಿಂದ ಆರಂಭಿಸುವುದು ಒಳ್ಳೆಯದು?

ಉತ್ತರ: ನಡೆಯುತ್ತಿತ್ತು. 'ಪಾತ್ರಿಯಾ ಪೊತೆಸ್ತಾಸ್' ಎನ್ನುವ ಈ ಅಧಿಕಾರ ಮಗ ಪ್ರಾಯಕ್ಕೆ ಬಂದನೆಂದಾಗಲಿ, ಮದುವೆಯಾದನೆಂದಾಗಲಿ ಮುಗಿಯುತ್ತಿರಲಿಲ್ಲ. ವಂಶದ ಹಿರಿಯ ಗಂಡಸು ಬದುಕಿರುವವರೆಗೆ ಅವನ ಮಕ್ಕಳೂ ಗಂಡುಮಕ್ಕಳ ಮಕ್ಕಳೂ ಅವನ ಅಧೀನರೇ. ಮಗ ರೋಮಿನ ಅತ್ಯುನ್ನತ ಆಡಳಿತಾಧಿಕಾರಿಯಾದ ಕಾನ್ಸಲ್ ಹುದ್ದೆಗೇರಿದ್ದರೂ, ಆ ಹುದ್ದೆಯ ಕೆಲಸವನ್ನು ಬಿಟ್ಟರೆ, ಮನೆಯ ವ್ಯವಹಾರದಲ್ಲಿ ಈ ಸ್ಥಿತಿ ಬದಲಾಗುತ್ತಿರಲಿಲ್ಲ. ಜೂಪಿಟರನ ಪ್ರಧಾನ ಅರ್ಚಕ, ವೆಸ್ತಾ ದೇವಿಯ ಅರ್ಚಕಿಯರಂತಹ ಕೆಲವರಷ್ಟೇ ಇದಕ್ಕೆ ಅಪವಾದ.

ಆದರೆ ಪ್ರಾಣದ ಮೇಲಿನ ಹಕ್ಕಿನಿಂದ ಓದು ಆರಂಭಿಸಬೇಡಿ ಎಂಬುದು ನನ್ನ ಸಲಹೆ. ಅದು ಬೆಚ್ಚಿಬೀಳಿಸುತ್ತದೆ, ಹಾಗಾಗಿಯೇ ದಾರಿ ತಪ್ಪಿಸುತ್ತದೆ. ನಿತ್ಯದ ಬದುಕಿನಲ್ಲಿ ಈ ಅಧಿಕಾರದ ಬಿಸಿ ತಟ್ಟುತ್ತಿದ್ದುದು ಆಸ್ತಿಯಲ್ಲಿ. ಅಧೀನನಾದ ಮಗ ದುಡಿದದ್ದೆಲ್ಲ ಕಾನೂನಿನ ದೃಷ್ಟಿಯಲ್ಲಿ ತಂದೆಯದು. ತಂದೆ ಬಿಟ್ಟುಕೊಟ್ಟ 'ಪೆಕ್ಯೂಲಿಯಂ' ಎಂಬ ಗಂಟನ್ನು ಮಗ ನಿರ್ವಹಿಸಬಹುದಿತ್ತೇ ಹೊರತು ಅದರ ಒಡೆಯನಾಗುತ್ತಿರಲಿಲ್ಲ. ಮೊದಲ ಚಕ್ರವರ್ತಿ ಅಗಸ್ಟಸನ ಕಾಲದಲ್ಲಿ ಸೈನಿಕನ ಗಳಿಕೆಗೆ ಮಾತ್ರ ವಿನಾಯಿತಿ ದೊರೆಯಿತು. ಇಂತಹ ಮಕ್ಕಳಿಗೆ ಕೊಟ್ಟ ಹಣದ ಸಾಲವನ್ನು ದಾವೆ ಹೂಡಿ ವಸೂಲು ಮಾಡುವಂತಿಲ್ಲವೆಂದು ಚಕ್ರವರ್ತಿ ವೆಸ್ಪಾಸಿಯನ್ನನ ಕಾಲದ ಸೆನೆಟ್ ನಿರ್ಣಯಿಸಿತು. ತಂದೆಯ ಸಾವನ್ನೇ ಎದುರುನೋಡುವ ಸಾಲಗಾರ ಮಕ್ಕಳ ಭಯ ಅದರ ಹಿಂದಿತ್ತು.

ಈ ವಿಷಯದಲ್ಲಿ ನನಗೆ ಅತ್ಯಂತ ರುಚಿಕರವೆನಿಸುವುದು ಈ ಅಧಿಕಾರದಿಂದ ಮಗನಿಗೆ ಬಿಡುಗಡೆ ಕೊಡುತ್ತಿದ್ದ ವಿಧಾನ. ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಶಾಸನದಲ್ಲಿ, ತಂದೆ ಮಗನನ್ನು ಮೂರು ಬಾರಿ ಮಾರಿದರೆ ಮಗ ತಂದೆಯಿಂದ ಮುಕ್ತನಾಗಲಿ ಎಂಬ ಒಂದು ಸಾಲಿದೆ. ಮಕ್ಕಳನ್ನು ಮಾರುವ ತಂದೆಗೆ ಹಾಕಿದ ಕಡಿವಾಣದಂತೆ ತೋರುವ ಈ ನಿಯಮವನ್ನು ನ್ಯಾಯವಿದರು ಬೇರೆಯೇ ಕೆಲಸಕ್ಕೆ ಬಳಸಿಕೊಂಡರು. ತಂದೆ ಐವರು ಸಾಕ್ಷಿಗಳು ಮತ್ತು ತಕ್ಕಡಿ ಹಿಡಿದವನೊಬ್ಬನ ಎದುರಿನಲ್ಲಿ ಮಗನನ್ನು ನಂಬಿಕಸ್ಥ ಗೆಳೆಯನಿಗೆ 'ಮಾರುತ್ತಿದ್ದ'. ಗೆಳೆಯ ಬಿಡುಗಡೆ ಮಾಡಿದೊಡನೆ ಮಗ ತಂದೆಯ ಅಧೀನಕ್ಕೇ ಮರಳುತ್ತಿದ್ದ. ಇದು ಇನ್ನೊಮ್ಮೆ ನಡೆದು, ಮೂರನೆಯ ಮಾರಾಟದೊಂದಿಗೆ ಪಿತೃ ಅಧಿಕಾರ ಕೊನೆಗೊಳ್ಳುತ್ತಿತ್ತು. ಶಾಸನದಲ್ಲಿ 'ಮಗ' ಎಂದಷ್ಟೇ ಇದ್ದುದರಿಂದ ಮಗಳಿಗೂ ಮೊಮ್ಮಕ್ಕಳಿಗೂ ಒಂದೇ ಮಾರಾಟ ಸಾಕೆಂದು ಅವರು ವಾದಿಸಿದರು. ಅಕ್ಷರವನ್ನು ಕದಲಿಸದೆ ಅರ್ಥವನ್ನು ತಿರುಗಿಸುವ ರೋಮನ್ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಆರನೆಯ ಶತಮಾನದ ಚಕ್ರವರ್ತಿ ಜಸ್ಟಿನಿಯನ್ ಈ ನಾಟಕವನ್ನೆಲ್ಲ ತೆಗೆದುಹಾಕಿ, ಅಧಿಕಾರಿಯ ಮುಂದೆ ಘೋಷಿಸಿದರೆ ಸಾಕೆಂದ.

ಇನ್ನು ಪ್ರಾಣದ ಮೇಲಿನ ಹಕ್ಕು. ಮಲತಾಯಿಯೊಂದಿಗೆ ವ್ಯಭಿಚಾರ ನಡೆಸಿದ್ದ ಮಗನನ್ನು ಬೇಟೆಯ ನಡುವೆ ಕೊಂದ ತಂದೆಯನ್ನು ಚಕ್ರವರ್ತಿ ಹೇಡ್ರಿಯನ್ ಗಡೀಪಾರು ಮಾಡಿದನೆಂದು, ಹಿಂದಿನ ನ್ಯಾಯವಿದರ ಬರಹಗಳಿಂದ ಜಸ್ಟಿನಿಯನ್ ಮಾಡಿಸಿದ 'ಡೈಜೆಸ್ಟ್' ಎಂಬ ಸಂಕಲನದ 48ನೆಯ ಪುಸ್ತಕದಲ್ಲಿದೆ. ಪಿತೃ ಅಧಿಕಾರ ನಿಲ್ಲಬೇಕಾದುದು ವಾತ್ಸಲ್ಯದ ಮೇಲೆ, ಕ್ರೌರ್ಯದ ಮೇಲಲ್ಲ ಎಂಬ ಕಾರಣವನ್ನೂ ನ್ಯಾಯವಿದ ಮಾರ್ಸಿಯನ್ ಅಲ್ಲಿ ಸೇರಿಸುತ್ತಾನೆ. ನಾಲ್ಕನೆಯ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲಕ್ಕೆ ಮಗನನ್ನು ಕೊಲ್ಲುವುದು ಪಿತೃಹತ್ಯೆಗೆ ಸಮನಾದ ಅಪರಾಧವೆನಿಸಿತ್ತು.

ಓದನ್ನು ಗೇಯಸ್ ಎಂಬ ನ್ಯಾಯವಿದ ಕ್ರಿ.ಶ. 160ರ ಸುಮಾರಿಗೆ ಬರೆದ 'ಇನ್‌ಸ್ಟಿಟ್ಯೂಟ್ಸ್' ಪಠ್ಯದ ಮೊದಲ ಭಾಗದಿಂದ ಆರಂಭಿಸಿ. ಸಂತ ಜೆರೋಮನ ಬರಹಗಳ ಅಡಿಯಲ್ಲಿ ಅಳಿಸಿಹೋಗಿದ್ದ ಇದರ ಪ್ರತಿ 1816ರಲ್ಲಿ ವೆರೋನಾದಲ್ಲಿ ಪತ್ತೆಯಾಯಿತು. ಮಕ್ಕಳ ಮೇಲೆ ಇಂತಹ ಅಧಿಕಾರವುಳ್ಳ ಬೇರೆ ಜನರು ಇಲ್ಲವೆನ್ನುವಷ್ಟು ವಿರಳ ಎಂದು ಗೇಯಸನೇ ಹೇಳಿ, ಏಷ್ಯಾ ಮೈನರಿನ ಗಲೇಷಿಯನ್ನರನ್ನು ಹೆಸರಿಸುತ್ತಾನೆ. ಅನಂತರ 533ರಲ್ಲಿ ಹೊರಬಂದ ಜಸ್ಟಿನಿಯನ್ನನ 'ಇನ್‌ಸ್ಟಿಟ್ಯೂಟ್ಸ್' ಅನ್ನು ಅದರ ಪಕ್ಕದಲ್ಲಿಟ್ಟುಕೊಂಡು ಓದಿ. ಡೈಜೆಸ್ಟಿಗೆ ಕೈ ಹಾಕುವಾಗ ಪ್ರತಿ ತುಣುಕಿನ ಮೂಲ ಲೇಖಕನ ಕಾಲವನ್ನು ಅಂಚಿನಲ್ಲಿ ಗುರುತಿಸಿಕೊಳ್ಳಿ. ಇಲ್ಲವಾದರೆ ಶತಮಾನಗಳ ಅಂತರದ ಮಾತುಗಳೆಲ್ಲ ಒಂದೇ ದಿನ ಆಡಿದವುಗಳಂತೆ ಕಾಣುತ್ತವೆ.