ನೇರಳೆ ಅಕ್ಷರದ ಆ ಪ್ರಶ್ನೆಪತ್ರಿಕೆ

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ನಿಮಗೆ ಸಿಕ್ಕ, ಸ್ಪಿರಿಟ್ ವಾಸನೆಯ ನೇರಳೆ ಪ್ರಶ್ನೆಪತ್ರಿಕೆ ಸೈಕ್ಲೋಸ್ಟೈಲಾ ಅಂತ ಕೇಳಿದ್ದೀರಿ. ಅಲ್ಲ, ಅದು ಸ್ಪಿರಿಟ್ ಡೂಪ್ಲಿಕೇಟರ್ ಅನ್ನುವ, ಪ್ರತಿ ತೆಗೆಯುವ ಬೇರೊಂದು ಯಂತ್ರದ್ದು. 1923ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಮೂಲಪ್ರತಿಯ ಹಿಂಬದಿಗೆ ಅಂಟಿದ ಬಣ್ಣ, ಸ್ಪಿರಿಟ್ ಸವರಿದ ಹಾಳೆಗೆ ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ಅದಕ್ಕೇ ಕೊನೆಕೊನೆಯ ಪ್ರತಿಗಳು ಮಸುಕು.

ನಮ್ಮ ಶಾಲೆಯಲ್ಲಿ ಇದ್ದದ್ದು ಸೈಕ್ಲೋಸ್ಟೈಲೇ. ಮೇಣ ಸವರಿದ ತೆಳು ಸ್ಟೆನ್ಸಿಲ್ ಹಾಳೆ, ಕಪ್ಪು ಶಾಯಿ. ಉಕ್ಕಿನ ಮೊನೆಯಿಂದ ಗೀರಿದಲ್ಲಿ ಮೇಣ ಹೋಗಿ ಶಾಯಿ ಇಳಿಯುತ್ತಿತ್ತು. ಕನ್ನಡ ಟೈಪ್‌ರೈಟರ್ ಎಲ್ಲಿತ್ತು? ಮಾಷ್ಟ್ರು ಕೈಯಲ್ಲೇ ಬರೆಯುತ್ತಿದ್ದರು. ನಮ್ಮ ಅಕ್ಷರ ದುಂಡು ಅಲ್ವಾ, ಸುತ್ತು ಕೂಡುವಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೂ ನಡುವಿನ ಚೂರು ಕಿತ್ತುಬಂದು, ಸೊನ್ನೆ ಕಪ್ಪು ಬೊಟ್ಟಾಗುತ್ತಿತ್ತು. ತಪ್ಪಿದರೆ ತಿದ್ದುವ ದ್ರವ ಹಚ್ಚಿ, ಊದಿ ಒಣಗಿಸಿ, ಅದರ ಮೇಲೆಯೇ ಮತ್ತೆ ಬರೆಯಬೇಕು. ಅದಕ್ಕೆ ಥೇಟ್ ನೇಲ್ ಪಾಲಿಶಿನ ವಾಸನೆ. ಜೂನ್ ಮಳೆಗೆ ಹಾಳೆ ಬೇರೆ ತೇವ ಎಳೆದು ಅಂಟಿಕೊಳ್ಳುತ್ತಿತ್ತು. ಇಷ್ಟೆಲ್ಲ ಪಾಡುಪಟ್ಟು ನಮಗೆ ಕನ್ನಡದಲ್ಲೇ ಪ್ರಶ್ನೆ ಕೊಟ್ಟವರ ಮೇಲೆ ನನಗೆ ಇಂದಿಗೂ ತುಂಬ ಗೌರವ.

ನಿಮ್ಮ ನೇರಳೆ ಹಾಳೆ ಇನ್ನೂ ಇದ್ದರೆ ಫ್ರೇಮ್ ಹಾಕಿ ಗೋಡೆಗೆ ತೂಗಬೇಡಿ. ಆ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ. ಈಗಲೇ ಸ್ಕ್ಯಾನ್ ಮಾಡಿ, ಕತ್ತಲೆಯ ಪೆಟ್ಟಿಗೆಯಲ್ಲಿಡಿ.